ತಲಿಗೋ, ಹೊಟ್ಟಿಗೋ?

ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯ ಜಾಗ ಕನ್ನಡಿ ಕೆಳಗಿನ ಗೂಡು. ಪಕ್ಕದಲ್ಲಿ ಎರಡು ಹಲ್ಲು ಮುರಿದ ಹಣಿಗೆ, ಪೌಡರ್ ಡಬ್ಬಿ, ಯಾರದೋ ಒಂದು ಕ್ಲಿಪ್ಪು. ಬಾಟಲಿಯ ಜಿಡ್ಡು ಮೈಗೆ ಯಾವಾಗಲೂ ಒಂದೆರಡು ಕೂದಲು ಅಂಟಿರುತ್ತವೆ. ರಾಯಚೂರಿನ ಯಾವ ಮನೆಗೆ ಹೋದರೂ ಹೆಚ್ಚುಕಮ್ಮಿ ಇದೇ ವಿಳಾಸ. ಅಡುಗೆಮನೆಯಲ್ಲಿ ಇರೋದು ಶೇಂಗಾ ಎಣ್ಣೆ. ಹಳಬರ ಮನೆಯಲ್ಲಿ ಕುಸುಬಿ ಎಣ್ಣೆ. ಕೃಷ್ಣಾ-ತುಂಗಭದ್ರಾ ನಡುವಿನ ಈ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಯವರೂ ಕಾದಾಡಿದರು, ಗಡಿ ಎಷ್ಟೋ ಸಲ ಆಚೀಚೆ ಆಯಿತು. ಕನ್ನಡಿ ಗೂಡಿಗೂ ಅಡುಗೆಮನೆಗೂ ನಡುವಿನ ಗಡಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ಮುಟ್ಟಿದ್ದು ತೆರಿಗೆ ಇಲಾಖೆ.

ನಿಮ್ಮ ಮನೆ ಬಾಟಲಿಯನ್ನೂ ಒಮ್ಮೆ ತಿರುಗಿಸಿ ನೋಡಿ. ಹಸಿರು ಚುಕ್ಕಿ ಇರುತ್ತದೆ. ಒಡೆದ ಕಾಯಿಯ ಚಿತ್ರ ಇರುತ್ತದೆ. ತಿನ್ನುವ ಎಣ್ಣೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕೂದಲಿನ ಬಗ್ಗೆ ಒಂದು ಮಾತೂ ಇರುವುದಿಲ್ಲ. ಯಾಕೆ ಅಂದರೆ, ಜಿಎಸ್‌ಟಿ ಬಂದಾಗ ತಿನ್ನುವ ಎಣ್ಣೆಗೆ ತೆರಿಗೆ ಶೇ. 5, ತಲೆಗೆ ಹಚ್ಚುವ ಎಣ್ಣೆಗೆ ಶೇ. 18. ಮಾರುವವರು ಹೊಟ್ಟೆಗೆ ಅಂತ ಬರೆದರು. ನಾವು ತಲೆಗೆ ಹಚ್ಚಿಕೊಂಡೆವು. ಇಲಾಖೆಯವರೂ ಮನೆಗೆ ಹೋಗಿ ಅದನ್ನೇ ತಲೆಗೆ ಹಚ್ಚಿಕೊಂಡಿರಬೇಕು. ಬೆಳಿಗ್ಗೆ ಆಫೀಸಿಗೆ ಬಂದು ನೋಟಿಸ್ ಕಳಿಸಿದರು.

ಜಗಳ ಜಿಎಸ್‌ಟಿಗಿಂತ ಹಳೆಯದು. ಎಕ್ಸೈಸ್ ಸುಂಕದ ಕಾಲದ್ದು. 2009ರ ಜೂನ್‌ನಲ್ಲಿ ಒಂದು ಸುತ್ತೋಲೆ ಬಂತು. 200 ಎಂಎಲ್‌ವರೆಗಿನ ಪ್ಯಾಕಿನಲ್ಲಿ ಇದ್ದರೆ ಅದು ತಲೆ ಎಣ್ಣೆ. ಎಂಥ ಜ್ಞಾನ ನೋಡಿ! ಎಣ್ಣೆ ಅದೇ, ಕಾಯಿ ಅದೇ, ಗಾಣ ಅದೇ. ಸಣ್ಣ ಬಾಟಲಿಗೆ ಇಳಿದರೆ ಸೀದಾ ನೆತ್ತಿಗೆ ಏರುತ್ತದೆ, ದೊಡ್ಡ ಡಬ್ಬಿಗೆ ಬಿದ್ದರೆ ಬಾಣಲೆಗೆ ಹೋಗುತ್ತದೆ. ಈ ಲೆಕ್ಕದಲ್ಲಿ ಕಾಲು ಕೆಜಿ ಉಪ್ಪು ದೃಷ್ಟಿ ತೆಗೆಯಲಿಕ್ಕೆ, ಒಂದು ಕೆಜಿ ಉಪ್ಪು ಸಾರಿಗೆ. 2015ರಲ್ಲಿ ಆ ಸುತ್ತೋಲೆಯನ್ನು ವಾಪಸ್ ತೆಗೆದುಕೊಂಡರು. ಕೇಸು ಮಾತ್ರ ನಡೆದೇ ಇತ್ತು. 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ತಿನ್ನೋದು ಅಂದರು, ಇನ್ನೊಬ್ಬರು ಹಚ್ಚೋದು ಅಂದರು. ಅವರನ್ನು ಏನೂ ಅನ್ನುವ ಹಾಗಿಲ್ಲ. ಅಂಥ ಪ್ರಶ್ನೆ ಹೊತ್ತು ಅಲ್ಲಿತನಕ ಹೋದವರನ್ನು ಅನ್ನಬೇಕು. ಕಡೆಗೆ ಮೂವರು ಕೂತು 2024ರ ಡಿಸೆಂಬರ್ 18ರಂದು ಹೇಳಿದರು: ಪ್ಯಾಕು ಸಣ್ಣದು ಅನ್ನುವ ಒಂದೇ ಕಾರಣಕ್ಕೆ ಅದು ತಲೆ ಎಣ್ಣೆ ಆಗೋದಿಲ್ಲ. ತಿನ್ನುವ ಎಣ್ಣೆ ಅಂತ ನಿಯಮದ ಪ್ರಕಾರ ಮಾರಿದರೆ ತಿನ್ನುವ ಎಣ್ಣೆ. ತಲೆ ಎಣ್ಣೆ ಅಂತ ಮಾರಿದರೆ ತಲೆ ಎಣ್ಣೆ.

ನಾನು ಇದನ್ನು ಪೇಪರಿನಲ್ಲಿ ಓದಿ ನಮ್ಮತ್ತೆಗೆ ಹೇಳಿದೆ. ಅತ್ತೆ ಬಾಟಲಿಯನ್ನು ಬಿಸಿಲಿಗೆ ಇಟ್ಟು ಕಾಯುತ್ತಿದ್ದರು. ನಮ್ಮಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟೋದು ವರ್ಷಕ್ಕೆ ಆ ನಾಲ್ಕಾರು ವಾರ ಮಾತ್ರ.

"ಹದಿನೈದ್ ವರ್ಷ ಹಿಡೀತಾ ಇದಕ್ಕ? ಬಾಟ್ಲಿ ಎಲ್ಲಿಟ್ಟಾರ ಅಂತ ಒಂದ್ ಮನಿಗಿ ಬಂದು ನೋಡಿದ್ರ ತಿಳೀತಿತ್ತಲ್ಲ."

ಕೋರ್ಟು ಹೇಳಿದ್ದನ್ನು ನಮ್ಮ ಮನೆಯಲ್ಲಿ ಅಕ್ಷರಶಃ ಪಾಲಿಸಿದವನು ನನ್ನ ಮಗ. ಬೆಂಗಳೂರಿನಲ್ಲಿ ಕೆಲಸ. 2025ರ ಮೇ ತಿಂಗಳಲ್ಲಿ, ಬುದ್ಧಿ ಇದ್ದವರು ರಾಯಚೂರು ಬಿಟ್ಟು ಹೋಗುವ ಹೊತ್ತಲ್ಲಿ, ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದ. ಬ್ಯಾಗಿನಲ್ಲಿ ಬಟ್ಟೆ ಕಮ್ಮಿ, ತೆಂಗಿನಕಾಯಿ ಜಾಸ್ತಿ. ವರ್ಜಿನ್ ಕೊಬ್ಬರಿ ಎಣ್ಣೆ, ಕೊಬ್ಬರಿ ಹಿಟ್ಟು, ಕೊಬ್ಬರಿ ಸಕ್ಕರೆ. ಕಾಯಿ ಒಂದು ಬಿಟ್ಟು ಉಳಿದದ್ದೆಲ್ಲ ಇತ್ತು. ಬೆಳಿಗ್ಗೆ ಎದ್ದು ಕಾಫಿಗೆ ಒಂದು ಚಮಚ ಎಣ್ಣೆ ಹಾಕಿ ಕಡೆದು ಕುಡಿದ. ಅತ್ತೆ ನೋಡಿದರು. ಏನೂ ಅನ್ನಲಿಲ್ಲ. ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿ ಬಂದರು.

ಕೊಬ್ಬರಿ ಸಕ್ಕರೆಯನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅತ್ತೆ ಕೇಳಿದ್ದು ಒಂದೇ ಮಾತು. "ಇದು ಬೆಲ್ಲ ಅಲ್ವಾ?" ತೆಂಗಿನ ಹೂಗೊಂಚಲಿನ ರಸ ಕಾಸಿ ಮಾಡುತ್ತಾರೆ ಅಂತ ಮಗ ವಿವರಿಸಿದ. ಕಾಸಿದ ಮೇಲೆ ಏನಾಗುತ್ತದೆ ಅಂತ ಅತ್ತೆ ಕೇಳಿದರು. ಕಂದು ಬಣ್ಣಕ್ಕೆ ಬರುತ್ತದೆ ಅಂದ. "ಹೌದಲ್ಲ, ಬೆಲ್ಲ."

ಹಿಟ್ಟಿನ ಕಥೆ ಬೇರೆ. ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟು, ಇದರಲ್ಲಿ ಇಲ್ಲ ಅಂತ ತಂದಿದ್ದನಂತೆ. ಹಾಗಂತ ಹೇಳುವಾಗ ಅವನ ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ ಇತ್ತು. ಜೋಳದಲ್ಲೂ ಗ್ಲುಟೆನ್ ಇಲ್ಲ ಕಣೋ ಅಂದೆ. ಅದು ಅಜ್ಜಿ ತಟ್ಟಿದ್ದು, ಅಂಥದ್ದೆಲ್ಲ ಲೆಕ್ಕಕ್ಕೆ ಬರಲ್ಲ ಅನ್ನುವ ಹಾಗೆ ನೋಡಿದ.

ಕೇಕ್ ಮಾಡುವುದು ಅಂತಾಯಿತು. ಮೊಬೈಲಿನಲ್ಲಿ ಬರೆದಿತ್ತು: ರೂಮ್ ಟೆಂಪರೇಚರಿನಲ್ಲಿರುವ ಗಟ್ಟಿ ಕೊಬ್ಬರಿ ಎಣ್ಣೆಗೆ ಸಕ್ಕರೆ ಹಾಕಿ ಹಗುರಾಗುವ ತನಕ ಕಡೆಯಿರಿ. ಇದನ್ನು ಬರೆದ ಪುಣ್ಯಾತ್ಮರ ರೂಮು ಯಾವ ದೇಶದಲ್ಲಿದೆಯೋ. ಕೊಬ್ಬರಿ ಎಣ್ಣೆ 24 ಡಿಗ್ರಿ ಸುಮಾರಿಗೆ ಕರಗುತ್ತದೆ. ನಮ್ಮೂರಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಅಂದರೆ ಇವತ್ತು ಸ್ವಲ್ಪ ತಂಪು ಅಂತ ಅರ್ಥ. ಎಣ್ಣೆ ನೀರಿಗಿಂತ ತಿಳಿಯಾಗಿ ನಿಂತಿತ್ತು. ಮಗ ಅದಕ್ಕೇ ಸಕ್ಕರೆ ಸುರಿದು ಕಡೆದ. ಸಕ್ಕರೆ ತಳಕ್ಕೆ ಕೂತಿತು, ಎಣ್ಣೆ ಮೇಲೆ ನಿಂತಿತು. ಗಟ್ಟಿ ಜಿಡ್ಡಾದರೆ ಸಕ್ಕರೆಯ ಹರಳು ಅದರೊಳಗೆ ಗಾಳಿ ಹಿಡಿದಿಡುತ್ತದೆ, ಅದರಿಂದಲೇ ಕೇಕ್ ಉಬ್ಬೋದು, ಕರಗಿದ ಎಣ್ಣೆಯಲ್ಲಿ ಗಾಳಿ ನಿಲ್ಲಲ್ಲ ಅಂತ ಹೇಳಿದ. ಮಾತು ಸರಿಯೇ. ಆದರೆ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಗಾಳಿ ಇರಲ್ಲ, ಎಣ್ಣೆಗೆ ಎಲ್ಲಿಂದ ತರೋಣ?

ಫ್ರಿಜ್ಜಿಗೆ ಇಟ್ಟ. ಒಂದು ತಾಸಿಗೆ ಮೇಣದಬತ್ತಿಯಂತೆ ಕಲ್ಲಾಯಿತು. ಚಮಚ ಬಾಗಿತೇ ಹೊರತು ಎಣ್ಣೆ ಬಗ್ಗಲಿಲ್ಲ. ಸ್ವಲ್ಪ ಹೊತ್ತು ಹೊರಗಿಡೋಣ ಅಂತ ಕಟ್ಟೆ ಮೇಲೆ ಇಟ್ಟು ಫೋನ್ ಎತ್ತಿದ. ಮಾತು ಮುಗಿಸಿ ತಿರುಗುವುದರೊಳಗೆ ಮತ್ತೆ ನೀರು. ಬೆಣ್ಣೆಗಾದರೆ ನಡುವೆ ಒಂದು ಮೆತ್ತನೆಯ ಹದ ಇರುತ್ತದೆ. ನಮ್ಮ ಬಿಸಿಲಿನಲ್ಲಿ ಕೊಬ್ಬರಿ ಎಣ್ಣೆಗೆ ಎರಡೇ ಅವತಾರ, ಕಲ್ಲು ಅಥವಾ ಕಣ್ಣೀರು. ಎರಡನೇ ಸಲ ಫ್ರಿಜ್ಜಿಗೆ ಇಟ್ಟಾಗ ಕರೆಂಟು ಹೋಯಿತು. ನಮ್ಮ ಜಿಲ್ಲೆಯಲ್ಲೇ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಕಳಿಸುತ್ತಾರೆ. ಹೊಗೆ, ಬೂದಿ, ಬಿಸಿ ನಮಗೆ. ತಂಪು ಇನ್ಯಾರಿಗೋ.

ಆದದ್ದಾಗಲಿ ಅಂತ ಕರಗಿದ್ದನ್ನೇ ಹಾಕಿ ಹಿಟ್ಟು ಕಲಸಿದ. ಮೈದಾ ಒಂದು ಕಪ್ ಅಂತಿದ್ದಲ್ಲಿ ಕೊಬ್ಬರಿ ಹಿಟ್ಟೂ ಒಂದು ಕಪ್. ಅದು ಎಂಥಾ ಹಿಟ್ಟು ಅಂತ ಆಗ ಗೊತ್ತಾಯಿತು. ಒಂದು ಲೋಟ ಹಾಲು ಹಾಕಿದರೆ ಕುಡಿಯಿತು. ಇನ್ನೊಂದು ಹಾಕಿದರೆ ಅದನ್ನೂ ಕುಡಿದು ನನ್ನ ಮುಖ ನೋಡಿತು. ಮೈದಾದ ಕಾಲು ಭಾಗದಷ್ಟು ಹಾಕಿದರೆ ಸಾಕು ಅಂತ ಅದೇ ಮೊಬೈಲಿನಲ್ಲಿ ಆಮೇಲೆ ಸಿಕ್ಕಿತು. ಮನೆಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹಾಕಿ, ಸೀಟಿ, ರಬ್ಬರು ತೆಗೆದು, ಒಳಗಿಟ್ಟು ಮುಚ್ಚಿದೆವು.

ಇಪ್ಪತ್ತು ನಿಮಿಷಕ್ಕೆ ಮನೆ ತುಂಬ ವಾಸನೆ. ಕೇಕಿನದಲ್ಲ. ಭಾನುವಾರದ ಎಣ್ಣೆ ಸ್ನಾನದ್ದು. ಎದುರು ಮನೆಯವರು ಬಾಗಿಲಿಗೆ ಬಂದು ಸಣ್ಣ ದನಿಯಲ್ಲಿ ಕೇಳಿದರು. "ಯಾರಿಗರ ಎರ್ಯಾಕತ್ತೀರೇನ್ರಿ? ಮನ್ಯಾಗ ಬಾಣಂತಿ ಅದಾರೇನು, ನಮಗ ಹೇಳೇ ಇಲ್ಲ!"

ಬಾಣಂತಿ ಇಲ್ಲ, ಕೇಕು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಕೇಕು ಹೊರಗೆ ಬಂದ ಮೇಲೆ ಮುಟ್ಟಿದ ಕಡೆ ಉಸುಕಿನಂತೆ ಉದುರಿತು. ಅತ್ತೆ ಅದಕ್ಕೆ ಬಿಸಿ ಹಾಲು ಸುರಿದು ಸಜ್ಜಕ ಅಂತ ತಿಂದರು. ಪಾಪ, ಒಂದು ಬಟ್ಟಲು ಪೂರ್ತಿ ತಿಂದರು.

ಕೊಬ್ಬರಿಯ ಮೇಲೆ ನಮಗೇನೂ ಸಿಟ್ಟಿಲ್ಲ. ಪಂಚಮಿಗೆ ಕೊಬ್ಬರಿ ಬಟ್ಟಲಿಗೆ ತೂತು ಹಾಕಿ, ದಾರ ಪೋಣಿಸಿ ಗಿರ್ರ್ ಅಂತ ತಿರುಗಿಸುತ್ತಾ ಬೆಳೆದವರು ನಾವು. ಆಟ ಮುಗಿದ ಮೇಲೆ ಆ ಬಟ್ಟಲು ನಮ್ಮ ಹೊಟ್ಟೆಗೇ. ಅಂಟಿನುಂಡಿಗೆ, ಕರ್ಚಿಕಾಯಿಗೆ ಒಣಕೊಬ್ಬರಿ ಬೇಕೇ ಬೇಕು. ಎಣ್ಣೆಯಲ್ಲಿ ಅಡುಗೆ ಮಾಡುವವರೂ ಗೊತ್ತು. ಹಿಂದೆ ನಮ್ಮ ಓಣಿಯಲ್ಲಿ ಕುಂದಾಪುರ ಕಡೆಯ ಬ್ಯಾಂಕಿನವರ ಮನೆ ಇತ್ತು. ಅವರ ಮನೆಯಾಕೆ ಕೊಬ್ಬರಿ ಎಣ್ಣೆ ಒಗ್ಗರಣೆ ಹಾಕಿ ಅಲಸಂದೆ ಪಲ್ಯ ಕೊಡುತ್ತಿದ್ದರು. ಮೊದಲ ದಿನ ಮೂಗು ಮುರಿದೆವು, ನಾಲ್ಕನೇ ದಿನ ಬಟ್ಟಲು ಹಿಡಿದುಕೊಂಡು ನಾವೇ ಹೋದೆವು. ಆಯಮ್ಮ ಒಂದು ದಿನವೂ ಸೂಪರ್‌ಫುಡ್ ಅನ್ನಲಿಲ್ಲ. ಪಲ್ಯ ಅಂದರು.

ಈಗ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಬರುವ ಮೆಸೇಜಿನ ಪ್ರಕಾರ ಕೊಬ್ಬರಿ ಎಣ್ಣೆ ಅಮೃತ. ಮರೆವು ಹೋಗುತ್ತದೆ, ಹೊಟ್ಟೆ ಕರಗುತ್ತದೆ. ಸಂಜೆ ಮೆಸೇಜಿನ ಪ್ರಕಾರ ವಿಷ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲೇ ಬೇಡ ಅಂದಿತ್ತು, ನೂರರಲ್ಲಿ 80ಕ್ಕೂ ಜಾಸ್ತಿ ಪಾಲು ಸ್ಯಾಚುರೇಟೆಡ್ ಕೊಬ್ಬು, ಬೆಣ್ಣೆಗಿಂತ ಜಾಸ್ತಿ ಅಂತ. ಬೆಳಿಗ್ಗೆಯದನ್ನೂ ಸಂಜೆಯದನ್ನೂ ಕಳಿಸುವುದು ನಮ್ಮ ಮೈದುನ ಒಬ್ಬನೇ. ಅವನ ತಲೆ ಪೂರ್ತಿ ಬೋಳು, ಹೀಗಾಗಿ ಅವನಿಗೆ ಯಾವ ಪಕ್ಷವೂ ಇಲ್ಲ.

ಮಗ ಊರು ಬಿಡುವ ಮುಂಚಿನ ಸಂಜೆ ತೀನ್ ಕಂದೀಲ್ ಕಡೆ ಹೋಗಿದ್ದೆವು. ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನೋಣ ಅಂತ ಬಂಡಿ ಮುಂದೆ ನಿಂತೆವು. ಇವನು ಸುಮ್ನೆ ತಿನ್ನೋದು ಬಿಟ್ಟು, ಎಣ್ಣೆ ಕೋಲ್ಡ್ ಪ್ರೆಸ್ಡಾ ಅಂತ ಕೇಳಿದ. ಬಿಸಿ ತಾಗಿಸದೆ ಹಿಂಡಿ ತೆಗೆದ ಎಣ್ಣೆಗೆ ಹಾಗನ್ನುತ್ತಾರಂತೆ. ಬಂಡಿಯವನು ಜಾರಿ ಸೌಟು ಎತ್ತಿ, ಮಿರ್ಚಿ ಬುಸ್ಸೆನ್ನುತ್ತಿದ್ದ ಬಾಣಲೆ ತೋರಿಸಿದ.

"ಕೋಲ್ಡ್ ಎಲ್ಲೈತ್ರಿ ಸರ್, ಕುದ್ಯಾಕತ್ತೈತಿ ನೋಡ್ರಿ. ನಮ್ಮಲ್ಲಿ ಎಲ್ಲಾ ಬಿಸೀನ."

ಮಗ ನಾಲ್ಕು ಮಿರ್ಚಿ ತಿಂದ. ಅರ್ಧ ಬಾಟಲಿ ವರ್ಜಿನ್ ಎಣ್ಣೆ ಇಲ್ಲೇ ಬಿಟ್ಟು ಬೆಂಗಳೂರಿಗೆ ಹೋದ. ಅತ್ತೆ ಮಾರನೇ ದಿನವೇ ಅದನ್ನು ಕನ್ನಡಿ ಗೂಡಿಗೆ ಸೇರಿಸಿದರು. ವಾರದಲ್ಲಿ ಅದರ ಮೈಗೂ ಕೂದಲು ಅಂಟಿತು.

ಆಮೇಲೆ 2025ರ ಸೆಪ್ಟೆಂಬರ್ 22 ಬಂತು. ಜಿಎಸ್‌ಟಿ ದರ ಬದಲಾಯಿತು. ತಲೆ ಎಣ್ಣೆಗೂ ಶೇ. 5. ಅಂದರೆ ತಲೆಗೂ ಹೊಟ್ಟೆಗೂ ಒಂದೇ ತೆರಿಗೆ. ಇಷ್ಟು ವರ್ಷ ವಕೀಲರು, ಸುತ್ತೋಲೆ, ಪೀಠದ ಮೇಲೆ ಪೀಠ ಎಲ್ಲ ಆಗಿ, ತೀರ್ಪು ಬಂದು ಒಂಬತ್ತು ತಿಂಗಳು ತುಂಬುತ್ತಲೇ ಪ್ರಶ್ನೆಯೇ ಹೆರಿಗೆಯಾಗಿ ಹೋಯಿತು. ಬೆಲೆ ಮಾತ್ರ ಅಷ್ಟೊತ್ತಿಗೆ ಎಲ್ಲಿಗೆ ಏರಿತ್ತು ಅಂದರೆ, ತಿನ್ನೋದಿರಲಿ, ತಲೆಗೆ ಹಚ್ಚಲಿಕ್ಕೂ ಕೈ ಬರುತ್ತಿರಲಿಲ್ಲ.

ದೀಪಾವಳಿಗೆ ಎಣ್ಣೆ ಸ್ನಾನ ತಪ್ಪಿಸೋ ಹಾಗಿಲ್ಲವಲ್ಲ. ಗಂಜ್ ಕಡೆಯ ಕಿರಾಣಿ ಅಂಗಡಿಗೆ ಹೋಗಿ ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಕೇಳಿದೆ. ಅಂಗಡಿಯವರು ಕೇಳಿದರು.

"ತಲಿಗೋ, ಅಡಗಿಗೋ?"

ನಾನು ಬಿಡಲಿಲ್ಲ. ಇಷ್ಟೆಲ್ಲ ಓದಿಕೊಂಡವಳು. ಎರಡಕ್ಕೂ ಈಗ ಒಂದೇ ಟ್ಯಾಕ್ಸು ಅಲ್ವಾ, ಮತ್ಯಾಕೆ ಕೇಳ್ತೀರಿ ಅಂದೆ.

"ಟ್ಯಾಕ್ಸಿಗಲ್ರೀ ಅಕ್ಕಾರ," ಅಂದರು ತಕ್ಕಡಿ ಒರೆಸುತ್ತಾ. "ಅಡಗಿಗಿ ಅಂದ್ರ ಶೇಂಗಾ ಎಣ್ಣಿ ಕೊಡ್ತಿದ್ದೆ."