ಲೀಸ್ ಯಾರದ್ದು ಗೊತ್ತು, ಗುಡ್ಡ ಯಾರದ್ದು?

ಪರ್ತ್‌ನಲ್ಲಿ ಮೈನಿಂಗ್ ಕೆಲಸದಲ್ಲಿರೋ ಗೆಳೆಯನಿಗೆ ನಮ್ಮ ಸಂಡೂರಿನ ಅದಿರಿನ ಬಗ್ಗೆ ಹೆಮ್ಮೆಯಿಂದ ಹೇಳ್ತಿದ್ದೆ. ಅವನು ಮೊದಲು ಕೇಳಿದ್ದೇ "ಆ ಜಾಗ ಯಾರದ್ದು, ಅವರ ಜೊತೆ ಅಗ್ರಿಮೆಂಟ್ ಏನಾಗಿದೆ?" ಅಂತ. ನನ್ನ ಹತ್ರ ಉತ್ತರ ಇರಲಿಲ್ಲ, ಆ ರಾತ್ರಿ ನಿದ್ದೆನೂ ಬರಲಿಲ್ಲ.

ಆಸ್ಟ್ರೇಲಿಯಾದಲ್ಲಿ 1992ರಲ್ಲಿ ಮ್ಯಾಬೋ ಅನ್ನೋ ಕೇಸಿನಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟಿನ ತೀರ್ಪು ಬರೋವರೆಗೂ ಬಿಳಿಯರು ಬರೋ ಮುಂಚೆ ಆ ನೆಲಕ್ಕೆ ಯಾರೂ ವಾರಸುದಾರರೇ ಇರಲಿಲ್ಲ ಅನ್ನೋ ಹಾಗೆ ಕಾನೂನು ನಡೀತಿತ್ತು. 1993ರಲ್ಲಿ ಮೂಲನಿವಾಸಿಗಳಿಗೆ ತಲೆತಲಾಂತರದಿಂದ ಇರೋ ನೆಲದ ಹಕ್ಕನ್ನ ಒಪ್ಪೋ ನೇಟಿವ್ ಟೈಟಲ್ ಕಾಯ್ದೆ ಬಂತು, ಈಗ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಕಡೆ ಕಬ್ಬಿಣದ ಅದಿರು ತೆಗೀಬೇಕಂದ್ರೆ ಎಷ್ಟು ದೊಡ್ಡ ಕಂಪನಿ ಆದ್ರೂ ಅಲ್ಲಿನ ಮೂಲನಿವಾಸಿಗಳ ಎದುರು ಕೂರಬೇಕು, ದುಡ್ಡೆಷ್ಟು, ಕೆಲಸ ಯಾರಿಗೆ, ಯಾವ ಗುಹೆ ಯಾವ ನೀರಿನ ಜಾಗ ಮುಟ್ಟಬಾರದು ಅಂತ ಅವರ ಲಾಯರ್ ಮುಂದೇನೇ ಮಾತಾಡಬೇಕು.

ನಮ್ಮಲ್ಲಿ? ಅಕ್ರಮ ಗಣಿಗಾರಿಕೆ ಬಗ್ಗೆ 2011ರ ಲೋಕಾಯುಕ್ತ ವರದಿ ಸರ್ಕಾರಕ್ಕೆ 16 ಸಾವಿರ ಕೋಟಿಗೂ ಹೆಚ್ಚು ನಷ್ಟ ಅಂತು. ಕೆಂಪು ಧೂಳು ಕೂತ ಮೆಣಸಿನ ಹೊಲದವರಿಗೆ, ಕುರಿ ಮೇಯಿಸೋಕೆ ಗುಡ್ಡನೇ ಇಲ್ಲದಾದವರಿಗೆ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ಕೈಗೆ ಕೊಟ್ಟವರು ಯಾರು? 2015ರಿಂದ ಗಣಿ ಕಂಪನಿಗಳು ಕಟ್ಟೋ ಜಿಲ್ಲಾ ಖನಿಜ ನಿಧಿ (ಡಿಎಂಎಫ್) ದುಡ್ಡು ಬರ್ತಿದೆ ನಿಜ, ಆದ್ರೆ ಅದು ಆಫೀಸರ್‌ಗಳು, ಎಮ್ಮೆಲ್ಲೆಗಳು ಹಂಚೋ ದುಡ್ಡು, ಊರಿನವರು ಕಂಪನಿ ಎದುರು ಕೂತು ಚೌಕಾಸಿ ಮಾಡಿ ಪಡೆದಿದ್ದಲ್ಲ.

ಆಸ್ಟ್ರೇಲಿಯಾದವರನ್ನ ತಲೆ ಮೇಲೆ ಕೂರಿಸ್ಕೊಳ್ಳೋಕೂ ಆಗಲ್ಲ ಬಿಡಿ. ಪಿಲ್ಬರಾದ ಜೂಕನ್ ಕಣಿವೇಲಿ 46 ಸಾವಿರ ವರ್ಷದಿಂದ ಜನ ಬಂದುಹೋಗಿದ್ದ ಕಲ್ಲಾಸರೆಗಳನ್ನ ರಿಯೋ ಟಿಂಟೋ ಅನ್ನೋ ಗಣಿ ಕಂಪನಿ 2020ರ ಮೇನಲ್ಲಿ ಸಿಡಿಸಿಬಿಡ್ತು, ಸರ್ಕಾರದ ಪರ್ಮಿಷನ್ ಇಟ್ಕೊಂಡೇ, ಆ ಜನರ ಜೊತೆ ಅಗ್ರಿಮೆಂಟ್ ಇದ್ದೂ. ಸಿಇಓ ಕೆಲಸ ಹೋಯ್ತು, ಜಾಗ ವಾಪಸ್ ಬರಲಿಲ್ಲ. ನೇಟಿವ್ ಟೈಟಲ್‌ನಲ್ಲಿ ಮಾತಾಡೋ ಹಕ್ಕಿದೆ, ಖಡಾಖಂಡಿತ ಬೇಡ ಅನ್ನೋ ಹಕ್ಕಿಲ್ಲ, ಆರು ತಿಂಗಳು ಮಾತಾಡಿ ಒಪ್ಪದಿದ್ರೆ ಕಂಪನಿ ಟ್ರಿಬ್ಯುನಲ್‌ಗೆ ಹೋಗಬಹುದು, ಅಲ್ಲಿ ಗಣಿ ಬೇಡ ಅಂತ ಆಗಿದ್ದು ತೀರಾ ಅಪರೂಪ.

ಬೇಡ ಅಂದು ಗೆದ್ದಿದ್ದು ನಮ್ಮ ದೇಶದಲ್ಲೇ, ಅದನ್ನೂ ಹೇಳಲೇಬೇಕು. ಒಡಿಶಾದ ನಿಯಮಗಿರೀಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಗ್ರಾಮಸಭೆ ಕರೆದ್ರು, 12ಕ್ಕೆ 12 ಊರೂ ಬೇಡ ಅಂದ್ವು, ಗಣಿ ನಿಂತ್ಹೋಯ್ತು. ಹಾಗಿದ್ರೆ ನಮ್ಮ ಸಂಡೂರಿನ ದೇವದಾರಿ ಗುಡ್ಡದ ಗಣಿ ವಿಷಯಕ್ಕೆ 2024ರಲ್ಲಿ ದೆಹಲಿ ಮತ್ತೆ ಬೆಂಗಳೂರು ಜಗಳ ಆಡ್ತಾ ಇದ್ದಾಗ ಸುತ್ತಲ ಹಳ್ಳಿಗಳಲ್ಲಿ ಅಂಥದ್ದೇ ಸಭೆ ಕರೆದು ಊರಿನವರ ಬಾಯಿಂದಲೇ ಕೇಳೋಕೆ ಏನಾಗಿತ್ತು?