ಕಡಪಾ ಕಟ್ಟೆ ಮೇಲಿನ ನಿಂಬೆ ಕಲೆ

ಮೊನ್ನೆ ನಮ್ಮ ಕಾಕಾ ದಾಳಿಂಬೆ ತೋಟದಲ್ಲಿ ನಾಲ್ಕನೇ ಬೋರ್ ಹಾಕಿಸಿದರು. ರಾತ್ರಿಯಿಡೀ ಕೊರೆದರೂ ಬಂದಿದ್ದು ಬೂದು ಪುಡಿ. ಬೆಳಗ್ಗೆ ಲಾರಿ ಹೋದ ಮೇಲೆ ಆ ಗುಡ್ಡೆ ಪಕ್ಕ ಕೂತು ಹೇಳಿದರು: "ನಮ್ಮ ಕಾಲದಾಗ ಮಿರಗ ಅಂದ್ರ ಮಿರಗ. ಹೇಳಿದ ದಿನಾ ಬರತಿತ್ತು. ಈಗಿನ ಮಳಿಗೆ ನಂಬಿಕಿ ಇಲ್ಲೋ." ಮಿರಗ ಅಂದರೆ ಮೃಗಶಿರ ಮಳೆ, ಮುಂಗಾರಿನ ಶುರು.

ಚಹಾ ತಂದಿದ್ದ ಆಯಿ ಬಿಡಲಿಲ್ಲ. "ನಿನ್ನ ಕಾಲ ಅಂದ್ರ ಯಾವದಪಾ? ಎಪ್ಪತ್ತೆರಡರ ಬರಗಾಲದ ಕೆಲಸದಾಗ ನಾ ಖಡಿ ಒಡಿಯೂಮುಂದ ನೀ ಬೇವಿನ ಗಿಡದ ಬುಡಕ್ಕ ಮಿಲೋ ಜ್ವಾಳದ ರೊಟ್ಟಿ ತಿನಕೋತ ಕೂತಿದ್ದಿ. ಮರತೇನು?"

ಕಾಕಾ ಚಹಾ ಊದಿಕೊಂಡು ಕುಡಿದರು.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿಯಲ್ಲಿರೋ ನಮ್ಮ ಜತ್ತ ತಾಲೂಕಿನಲ್ಲಿ ಈ 'ನಮ್ಮ ಕಾಲದ ಮಳೆ'ಯ ಮಾತು ಕೇಳದೆ ಬೆಳೆದವರು ಯಾರೂ ಇಲ್ಲ. ನನಗೂ ಒಂದು ಕಾಲಕ್ಕೆ ಅದು ನಿಜ ಅನಿಸಿತ್ತು. ಈಗ ಇಲ್ಲ. ಚೆನ್ನಾಗಿ ಬಂದ ಮಳೆ ಮಾತ್ರ ಮನಸ್ಸಲ್ಲಿ ಉಳಿಯುತ್ತೆ. ಬಾರದ ವರ್ಷಗಳು ತೀರಾ ಕಷ್ಟ ಕೊಟ್ಟಿದ್ದರೆ ಮಾತ್ರ ಒಂದು ಹೆಸರಾಗಿ ಉಳಿಯುತ್ತವೆ. ಆಯಿಯ ನೆನಪು 1972ರವರೆಗೆ ಮುಟ್ಟುತ್ತೆ. ಆಕೆಯ ಅಜ್ಜಿ 'ಡೋಗಿ ಬರ' ಅನ್ನುತ್ತಿದ್ದರಂತೆ. ಅಂದರೆ 1791–92ರ ಬುರುಡೆ ಬರ. ಹೂಳುವವರಿಲ್ಲದೆ ಬುರುಡೆಗಳು ಬಯಲಲ್ಲೇ ಬಿದ್ದಿದ್ದವು ಅಂತ ಆ ಹೆಸರು. ಅದಕ್ಕೂ ಹಿಂದೆ, 1396ರಿಂದ ಸುಮಾರು 12 ವರ್ಷ ದಖ್ಖನ್ನನ್ನು ಹಿಂಡಿದ ದುರ್ಗಾದೇವಿ ಬರ. ಅದರ ಹೆಸರು ಆಯಿಗೂ ಗೊತ್ತಿಲ್ಲ. ಹಳೆಯ ಗ್ಯಾಸೆಟಿಯರ್‌ಗಳಲ್ಲಷ್ಟೇ ಉಳಿದಿದೆ.

ಅದಕ್ಕೂ ಹಿಂದಿನದನ್ನು ಯಾರನ್ನು ಕೇಳೋದು? ಕಲ್ಲನ್ನು.

ಸುಮಾರು ಹದಿನೈದು ವರ್ಷದ ಹಿಂದೆ ಶ್ರೀಶೈಲಕ್ಕೆ ಹೋಗಿ ಬರುವಾಗ ದಾರಿ ಸುತ್ತಿ ಬೇಲಂ ಗುಹೆಗೆ ಹೋಗಿದ್ದೆವು. ಆಗ ಕರ್ನೂಲು ಜಿಲ್ಲೆ, ಈಗ ನಂದ್ಯಾಲ. ನೆಲದಡಿ ಮೂರು ಕಿಲೋಮೀಟರಿಗೂ ಜಾಸ್ತಿ ಉದ್ದದ ಗುಹೆ. ಒಳಗೆ ಕಾಲಿಟ್ಟರೆ ಸೆಕೆ, ಅಂಗಿ ಮೈಗೆ ಅಂಟುತ್ತೆ. 'ಕೋಟಿಲಿಂಗಾಲು' ಅನ್ನೋ ಕಡೆ ಮೇಲಿಂದ ಸಾವಿರಾರು ಕಲ್ಲಿನ ಲಿಂಗಗಳು ಇಳಿಬಿದ್ದಿವೆ. ಆಯಿ ಚಪ್ಪಲಿ ಬಿಟ್ಟು ಕೈಮುಗಿದು, ಆಮೇಲೆ ಕೇಳಿದಳು.

"ಇವನ್ನ ಯಾರು ಕೆತ್ಯಾರೋ?"

"ಮಳೆ ಆಯಿ."

"ಮಳಿಗೆ ಇಷ್ಟು ಪುರಸೊತ್ತು ಎಲ್ಲಿಂದ ಬಂತು? ನಮ್ಮ ಕಡೆ ಬರಾಕೇ ಅದಕ್ಕ ಟೈಮಿಲ್ಲ!"

ಅವಳ ಪ್ರಶ್ನೆಗೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಒಲೆ ಕಟ್ಟೆಗೆ ಹಾಕಿಸಿರೋ ಕರಿ ಕಡಪಾ ಕಲ್ಲು ಅದೇ ಸೀಮೆಯಿಂದ ಬಂದ ಸುಣ್ಣದಕಲ್ಲು. ಅದರ ಮೇಲೆ ಅರ್ಧ ನಿಂಬೆಹಣ್ಣು ಬೋರಲು ಬಿಟ್ಟು ನೋಡಿ. ಬೆಳಗ್ಗೆ ಒಂದು ಬಿಳಿ ಉಂಗುರ, ಎಷ್ಟು ತಿಕ್ಕಿದರೂ ಹೋಗಲ್ಲ. ಅದು ಕೊಳೆಯಲ್ಲ, ಹುಳಿ ಕಲ್ಲನ್ನೇ ತಿಂದಿರುತ್ತೆ. ಮಳೆನೀರೂ ಹಾಗೇ. ಮಣ್ಣಲ್ಲಿ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡ್ ಕುಡಿದು ಸ್ವಲ್ಪ ಹುಳಿಯಾಗುತ್ತೆ, ಸುಣ್ಣದಕಲ್ಲನ್ನು ಕರಗಿಸಿಕೊಂಡು ಕೆಳಗಿಳಿಯುತ್ತೆ. ಗುಹೆಯ ಗಾಳಿಗೆ ಬಂದ ಕೂಡಲೇ ಆ ಅನಿಲ ಹಾರಿಹೋಗುತ್ತೆ, ಸುಣ್ಣ ಅಲ್ಲೇ ಕೂರುತ್ತೆ. ಬೋರ್‌ನೀರು ಕಾಯಿಸಿದ ಪಾತ್ರೆಯ ತಳಕ್ಕೆ ಹಿಡಿಯುವ ಬಿಳಿ ಚಕ್ಕೆ ಇದೆಯಲ್ಲ, ಅದೇ. ಹನಿಗೊಂದು ಪದರ. ಬೆಳೆಯುವ ವೇಗ ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಆಸುಪಾಸು. ಒಂದು ಗೇಣು ಬೆಳೆಯೋಕೆ ಎರಡು ಸಾವಿರ ವರ್ಷ.

ವಿಜ್ಞಾನಿಗಳಿಗೆ ಇಷ್ಟವಾಗೋದು ಹನಿ ಬಿದ್ದಲ್ಲಿ ಗುಹೆಯ ನೆಲದಿಂದ ಮೇಲಕ್ಕೆ ಏಳುವ ಸುಣ್ಣದ ದಿಮ್ಮಿ. ಪದರಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿರುತ್ತವೆ. ಉದ್ದಕ್ಕೆ ಸೀಳಿ, ಸಣ್ಣ ಡ್ರಿಲ್ಲಿನಿಂದ ಪದರ ಪದರದ ಪುಡಿ ತೆಗೆದು ಎರಡು ಪ್ರಶ್ನೆ ಕೇಳುತ್ತಾರೆ. ಯಾವ ಕಾಲದ್ದು? ಆಗ ಮಳೆ ಹೇಗಿತ್ತು?

ಮೊದಲನೆಯದಕ್ಕೆ ಯುರೇನಿಯಂ ಉತ್ತರ ಹೇಳುತ್ತೆ. ಅದು ನೀರಲ್ಲಿ ಕರಗುತ್ತೆ, ಥೋರಿಯಂ ಕರಗಲ್ಲ. ಹಾಗಾಗಿ ಪದರ ಕೂತ ದಿನ ಅದರಲ್ಲಿ ಯುರೇನಿಯಂ ಇರುತ್ತೆ, ಥೋರಿಯಂ ಇಲ್ಲದಷ್ಟು ಕಡಿಮೆ. ಆಮೇಲೆ ಯುರೇನಿಯಂ ತನ್ನದೇ ಲೆಕ್ಕದಲ್ಲಿ ಥೋರಿಯಂ ಆಗುತ್ತಾ ಹೋಗುತ್ತೆ. ಬ್ಯಾಂಕಿನ ಬಡ್ಡಿ ನೋಡಿ ಹಣ ಇಟ್ಟ ದಿನ ಕಂಡುಹಿಡಿದ ಹಾಗೆ.

ಎರಡನೆಯದು ಆಮ್ಲಜನಕದ ಕೆಲಸ. ನೀರಲ್ಲಿ ಪರಮಾಣು ತೂಕ 16ರ ಹಗುರ ಆಮ್ಲಜನಕವೂ ಇದೆ, 18ರ ಭಾರದ್ದೂ ಇದೆ. ಮೋಡ ಸುರಿಸುತ್ತಾ ಹೋದಂತೆ ಭಾರದ್ದು ಮುಂಚೆ ಉದುರಿಹೋಗುತ್ತೆ. ಬಿಡದೆ ಜಡಿದ ವರ್ಷದ ಮಳೆಯಲ್ಲಿ ಅದರ ಪಾಲು ಕಡಿಮೆ, ಮಳೆ ಸೊರಗಿದ ವರ್ಷ ಜಾಸ್ತಿ. ಕಲ್ಲು ಅದನ್ನು ಹಾಗೇ ಬರೆದಿಟ್ಟುಕೊಳ್ಳುತ್ತೆ. ಇಷ್ಟು ಸಲೀಸಲ್ಲ ಅನ್ನೋದೂ ನಿಜ. ಮೋಡ ಯಾವ ಸಮುದ್ರದಿಂದ ಬಂತು ಅನ್ನೋದೂ ಈ ಲೆಕ್ಕ ಕದಲಿಸುತ್ತೆ, ಅದಕ್ಕೇ ಅವರವರಲ್ಲೇ ಜಗಳ ಇದೆ. ಮಾಸ್ತರನಾಗಿ ನನಗೆ ಆ ಜಗಳವೇ ನಂಬಿಕೆ ಹುಟ್ಟಿಸುತ್ತೆ.

ಮೇಘಾಲಯದ ಮಾಮ್ಲೂ ಗುಹೆ ಗೊತ್ತಿರಬಹುದು. ಚಿರಾಪುಂಜಿಯ ಪಕ್ಕ, ಮಳೆಯ ತವರುಮನೆ. ಅಲ್ಲಿನ ಒಂದು ಕಲ್ಲಲ್ಲಿ 4200 ವರ್ಷದ ಹಿಂದೆ ಮಳೆ ಸೊರಗಿದ ಗುರುತು ಸಿಕ್ಕಿತು. 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಯುಗಕ್ಕೆ 'ಮೇಘಾಲಯನ್' ಅಂತ ಹೆಸರಿಟ್ಟು, ಆ ಕಲ್ಲನ್ನೇ ಗಡಿಕಲ್ಲು ಮಾಡಿದರು. ನಮ್ಮ ಗಡಿಕಲ್ಲುಗಳ ಹಾಗೆ ವರ್ಷಕ್ಕೊಮ್ಮೆ ಗಲಾಟೆ ಇರಲಿಕ್ಕಿಲ್ಲ ಅಂದುಕೊಳ್ಳುತ್ತೇನೆ.

ನಮಗೆ ಹತ್ತಿರದ್ದು ಅಂದರೆ ಛತ್ತೀಸಗಡದ ಬಸ್ತರಿನಲ್ಲಿರೋ ದಂಡಕ ಗುಹೆ. ಆಶಿಶ್ ಸಿನ್ಹಾ ಮತ್ತು ಜೊತೆಗಾರರು 2007ರಲ್ಲಿ ಅಲ್ಲಿನ ಕಲ್ಲಿನಿಂದ ಕ್ರಿ.ಶ. 600ರಿಂದ 1500ರವರೆಗಿನ ಮುಂಗಾರಿನ ಕಥೆ ಓದಿದರು. 14ನೇ ಶತಮಾನದಲ್ಲೂ 15ರ ನಡುವಿನಲ್ಲೂ ಮಳೆ ವರ್ಷ ಎರಡು ವರ್ಷವಲ್ಲ, ದಶಕಗಟ್ಟಲೆ ಸೊರಗಿತ್ತು. ದುರ್ಗಾದೇವಿ ಬರ ಆ ಕಾಲದ್ದೇ. ನಮ್ಮ ನೆಲವೆಲ್ಲ ಬಸಾಲ್ಟ್ ಅನ್ನೋ ಕರಿಕಲ್ಲು, ಕಡಪಾದ ಹಾಗೆ ಸುಣ್ಣದಕಲ್ಲಲ್ಲ, ಸುಣ್ಣದ ಗುಹೆ ಇಲ್ಲಿ ಆಗಲ್ಲ. ಹಾಗಾಗಿ ನಮ್ಮ ಬರದ ಸಾಕ್ಷಿ ಬಸ್ತರಿನ ಕಾಡಲ್ಲಿ ಕೂತಿತ್ತು.

ಇದನ್ನು ಓದಿದಾಗಿನಿಂದ ನನಗೊಂದು ಚಡಪಡಿಕೆ. ದೇಶದ ಮಳೆಯ ಲೆಕ್ಕ ಸರಿಯಾಗಿ ಸಿಗೋದು 1871ರಿಂದ ಈಚೆಗೆ. ಅದರಲ್ಲಿ 1876–78 ಇದೆ, 1899 ಇದೆ, 1972 ಇದೆ. ಕೆಟ್ಟ ವರ್ಷಗಳೇ, ಆದರೆ ಮುಗಿದವು. 73ರಲ್ಲಿ ಮಳೆ ಬಂತು. ಇಪ್ಪತ್ತು ವರ್ಷ ಬಿಡದೆ ಸತಾಯಿಸಿದ ಮುಂಗಾರು ಈ ಪುಸ್ತಕದಲ್ಲೇ ಇಲ್ಲ. ನಮ್ಮ ಕೆರೆ, ಕಾಲುವೆ, ಕೃಷಿ ಹೊಂಡ, ಬೆಳೆ ಸಾಲ ಎಲ್ಲ ನಿಂತಿರೋದು ಈ ಸಣ್ಣ ಪುಸ್ತಕದ ಮೇಲೆ. 'ಸರಾಸರಿ ಮಳೆ' ಅನ್ನೋ ಪದ ಕೇಳಿದರೆ ನನಗೀಗ ಸಿಟ್ಟು ಬರುತ್ತೆ. 2016ರಲ್ಲಿ ನಮ್ಮದೇ ಜಿಲ್ಲೆಯ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಯಿತು. ಆಗ ನಮ್ಮ ಊರಲ್ಲಿ ಟ್ಯಾಂಕರಿನ ಮುಂದೆ ಕೊಡಗಳ ಸಾಲು. ಒಂದೆರಡು ವರ್ಷ ಮಳೆ ಕೈಕೊಟ್ಟಿದ್ದಕ್ಕೇ ಈ ಗತಿ. ಆದರೂ ಕಾಲುವೆ ನೀರು ಬಂದ ಹೊಲದಲ್ಲಿ ಮೊದಲು ಏಳೋದು ಕಬ್ಬು. ಬಿಳಿಜೋಳ ಬಿತ್ತುವವನನ್ನು ನೋಡಿ ನಗುತ್ತಾರೆ.

"ನೋಡಿ, ಹಿಂದೇನೂ ಬರ ಇತ್ತು, ಹವಾಮಾನ ಬದಲಾವಣೆ ಎಲ್ಲ ಸುಳ್ಳು" ಅನ್ನೋರೂ ಇದ್ದಾರೆ. ನಮ್ಮ ಸ್ಟಾಫ್ ರೂಮಲ್ಲೇ ಇಬ್ಬರಿದ್ದಾರೆ. ನನಗೆ ಇದು ತಿರುಗುಮುರುಗು ವಾದ. ಯಾರೂ ಕೆಣಕದೇನೇ ದಶಕಗಟ್ಟಲೆ ಮುನಿಸಿಕೊಂಡ ಮಳೆ ಇದು. ಅದನ್ನು ನಾವು ಹೊಗೆ ಹಾಕಿ ಕೆಣಕುತ್ತಿದ್ದೇವೆ. ಭಯ ಜಾಸ್ತಿ ಆಗಬೇಕಲ್ವಾ?

ಇಷ್ಟನ್ನೂ ಕಾಕಾಗೆ ಹೇಳಿದೆ. ದುರ್ಗಾದೇವಿ ಬರ, ದಂಡಕ ಗುಹೆ, ಎಲ್ಲ. ಗಮನ ಕೊಟ್ಟು ಕೇಳಿದರು. ಆಮೇಲೆ, "ಅಂದ್ರ ಈಗೇನು, ಐದನೇದು ಹಾಕಸಬಾರದು ಅಂತೀಯೇನು? ಗಿಡಾ ಹೂವಿನಾಗ ಅದಾವು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಬೆಳಗ್ಗೆ ಕಾಯಿ ಹಿಡಿದು ನೀರು ತೋರಿಸುವವನು ಬರ್ತಾನಂತೆ. ಆಯಿ ಈಗಲೇ ಎರಡು ತೆಂಗಿನಕಾಯಿ ಸುಲಿದಿಟ್ಟಿದ್ದಾಳೆ.