ಬರೀ ಯೂರೋವಿಷನ್ ಆಯ್ಕೆ ಅಲ್ಲ

ಅಲ್ಬೇನಿಯಾದ ಫೆಸ್ಟಿವಲಿ ಇ ಕೆಂಗೆಸ್ ಅಂದ್ರೆ ಯೂರೋವಿಷನ್‌ಗೆ (ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ) ಹಾಡು ಆರಿಸುವ ಟಿವಿ ಸ್ಪರ್ಧೆ ಅಂತಷ್ಟೇ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಆ ಕೆಲಸ ಅದಕ್ಕೆ ಅಂಟಿಕೊಂಡಿದ್ದು 2003ರಲ್ಲಿ. ರಾಜಧಾನಿ ಟಿರಾನಾದಲ್ಲಿ ಸ್ಪರ್ಧೆ ಶುರುವಾಗಿದ್ದು 1962ರ ಡಿಸೆಂಬರ್‌ನಲ್ಲಿ, ಮೊದಲು ಗೆದ್ದವರು ಗಾಯಕಿ ವಾಚೆ ಝೇಲಾ. 1972ರ ಕತೆಯನ್ನೇ ಬಿಟ್ಟಿದ್ದೀರಲ್ಲ ಸಾರ್! ಆ ವರ್ಷದ ಸ್ಪರ್ಧೆ ಎಲ್ಲಾ ಪಾಶ್ಚಾತ್ಯರ ಥರ ಇದೆ ಅಂತ ಅಲ್ಬೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾ ಕೆಂಡವಾದ. ರೇಡಿಯೋ-ಟಿವಿ ಮುಖ್ಯಸ್ಥ ತೋಡಿ ಲುಬೋನ್ಯಾ ಕೊನೆಗೆ ಜೈಲು ಸೇರಿದರು. ಹಾಡಿನ ಕಾರ್ಯಕ್ರಮಕ್ಕೆ ಜೈಲು!

ನನಗೆ ಮರೆಯಲಾಗದ್ದು 2012ರಲ್ಲಿ ಬಾಕುವಿನಲ್ಲಿ ನಡೆದ ಯೂರೋವಿಷನ್‌ನಲ್ಲಿ ಅಲ್ಬೇನಿಯಾ ಪರವಾಗಿ ಗಾಯಕಿ ರೋನಾ ನಿಶ್ಲಿಯು ಹಾಡಿದ್ದು. ಕೊರಳಿಗೆ ಹಾರದಂತೆ ಇಳಿಬಿಟ್ಟ ಜಡೆ, ಎದೆ ಸೀಳುವಂಥ ದನಿ. ಅಲ್ಬೇನಿಯನ್‌ನಲ್ಲೇ ಹಾಡಿ ಐದನೇ ಸ್ಥಾನ. ಮತ್ತೆ ಕೆಲವು ವರ್ಷ ಗೆದ್ದ ಹಾಡನ್ನು ಸುಮ್ನೆ ಇಂಗ್ಲಿಷ್‌ಗೆ ತಿರುಗಿಸಿ ಯಾಕೆ ಕಳಿಸ್ತಾರೋ!